ಪಿಕಪ್‌ನ ಹೊಸ್ತಿಲು ಕಾಯುವ ಕಬ್ಬಿಣ

ಪ್ರಶ್ನೆ: ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಜಮೀನಿದೆ. ನಾಲ್ಕು ಬಾಗಿಲಿನ ಫೋರ್‌ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡಿದ್ದೇನೆ. ತೋಟದ ದಾರಿಯಲ್ಲಿ ಹಾಸುಬಂಡೆ ಹತ್ತಿ ಇಳಿಯುವಾಗ ಎಡಬದಿಯ ಬಾಗಿಲಿನ ಕೆಳಭಾಗ ಎರಡು ಸಲ ಬಂಡೆಗೆ ಬಡಿದು ತಗ್ಗಾಗಿದೆ. ಬಾಗಿಲುಗಳ ಕೆಳಗೆ ಬಂಡೆಯ ಪೆಟ್ಟು ತಡೆಯುವ ಕಬ್ಬಿಣದ ಪೈಪಿನ ಕಟ್ಟು, ಅಂದರೆ ರಾಕ್ ಸ್ಲೈಡರ್, ಹಾಕಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಈಗಿರುವ ಫುಟ್‌ಬೋರ್ಡಿಗೇ ದಪ್ಪ ಪೈಪ್ ಬೆಸೆದುಕೊಡುತ್ತೇವೆ ಎಂದು ಊರಿನ ಗ್ರಿಲ್ ಅಂಗಡಿಯವರು ಹೇಳುತ್ತಾರೆ. ಅಷ್ಟು ಸಾಕೇ? ಎಂಥ ಪೈಪ್ ಬೇಕು? ಬೋಲ್ಟ್ ಒಳ್ಳೆಯದೋ ವೆಲ್ಡಿಂಗ್ ಒಳ್ಳೆಯದೋ? ಆರ್‌ಟಿಒ ತಕರಾರು ಬರುತ್ತದೆಯೇ? ಎಡಬದಿಗೆ ಮಾತ್ರ ಹಾಕಿಸಿದರೆ ನಡೆಯುತ್ತದೆಯೇ?

ಉತ್ತರ: ಫುಟ್‌ಬೋರ್ಡಿಗೆ ಪೈಪ್ ಬೆಸೆಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಮಿಕ್ಕ ಪ್ರಶ್ನೆಗಳಿಗೆ ಒಂದೊಂದಾಗಿ ಬರುತ್ತೇನೆ, ಆದರೆ ಇದನ್ನು ಮೊದಲೇ ಹೇಳದಿದ್ದರೆ ಈ ಉತ್ತರ ನಿಮ್ಮ ಕೈ ಸೇರುವಷ್ಟರಲ್ಲಿ ಕೆಲಸ ಮುಗಿದುಹೋಗಿರಬಹುದು ಎಂಬ ಆತಂಕ ನನಗಿದೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿಗೆ ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪಿಕಪ್ ಬಂದಿತ್ತು. ನಾಗಮಂಗಲದ ಕಡೆಯ ರೈತರದು. ಫುಟ್‌ಬೋರ್ಡಿಗೆ ಎರಡು ಇಂಚಿನ ದಪ್ಪ ಪೈಪ್ ಕೂಡಿಸಿದ್ದರು, ನೋಡಲು ಬಲು ಗಟ್ಟಿಯಾಗಿತ್ತು. ಬಂಡೆಯಿಂದ ಇಳಿಯುವಾಗ ಆ ಪೈಪ್ ಕಲ್ಲಿನ ಮೇಲೆ ಕುಳಿತಿದೆ. ಪೈಪಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅದನ್ನು ಹಿಡಿದಿದ್ದ ಕೊಂಡಿಗಳು ಕ್ಯಾಬಿನ್ನಿನ ತೆಳು ತಗಡಿಗೆ ಬಿಗಿದಿದ್ದಂಥವು. ಅವು ತಗಡನ್ನು ಒಳಕ್ಕೆ ತಳ್ಳಿಕೊಂಡು ಹೋಗಿದ್ದವು. ಹಿಂಬಾಗಿಲು ಅರ್ಧ ತೆರೆದು ನಿಂತುಬಿಡುತ್ತಿತ್ತು. ಒಳಗೆ ಕಾಲಿಡುವ ಜಾಗದ ಹಾಸನ್ನು ಎತ್ತಿದಾಗ ನೆಲದ ತಗಡು ಎರಡು ಬೆರಳಿನಷ್ಟು ಉಬ್ಬಿ, ಅದರ ಬೆಸುಗೆಯ ಚುಕ್ಕಿಗಳು ಒಂದೊಂದಾಗಿ ಬಿಟ್ಟುಕೊಂಡಿದ್ದವು. ಪೈಪ್ ಇಲ್ಲದಿದ್ದರೆ ಆ ಬಂಡೆಯಿಂದ ಒಂದು ಜಾಗದಲ್ಲಿ ಮಾತ್ರ ತಗ್ಗು ಬೀಳುತ್ತಿತ್ತು. ಪೈಪ್ ಇದ್ದುದರಿಂದ ಕೊಂಡಿ ಇದ್ದ ಮೂರೂ ಕಡೆ ತಗಡು ಹರಿಯಿತು.

ಬಾಗಿಲುಗಳ ಕೆಳಗೆ ಮುಂಚಕ್ರದಿಂದ ಹಿಂಚಕ್ರದವರೆಗೆ ಉದ್ದ ಪೆಟ್ಟಿಗೆಯಂತೆ ಸಾಗುವ ಭಾಗವನ್ನು ಗ್ಯಾರೇಜುಗಳಲ್ಲಿ ಸಿಲ್ ಎನ್ನುತ್ತಾರೆ. ಮನೆಗೆ ಹೊಸ್ತಿಲು ಇದ್ದಂತೆ ಕ್ಯಾಬಿನ್ನಿಗೆ ಅದು. ಬಾಗಿಲಿನ ಚೌಕಟ್ಟು ನೇರವಾಗಿ ನಿಂತಿರುವುದೇ ಅದರ ಮೇಲೆ. ಪಿಕಪ್‌ಗಳಲ್ಲಿ ಈ ಕ್ಯಾಬಿನ್ ಚಾಸಿಗೆ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ, ಬೆಸೆದುಕೊಂಡಿರುವುದಿಲ್ಲ, ರಬ್ಬರ್ ಬುಷ್‌ಗಳ ಮೇಲೆ ಕುಳಿತಿರುತ್ತದೆ. ನಿಮ್ಮ ಒಂದು ಮುಂಚಕ್ರ ಬಂಡೆ ಹತ್ತಿದಾಗ ಚಾಸಿ ಹುರಿಗೊಳ್ಳುತ್ತದೆ, ಕ್ಯಾಬಿನ್ ತನ್ನ ಪಾಡಿಗೆ ರಬ್ಬರಿನ ಮೇಲೆ ಅಲುಗುತ್ತದೆ. ಆದ್ದರಿಂದ ಸ್ಲೈಡರ್ ಎನ್ನುವುದು ಚಾಸಿಗೆ ಮಾತ್ರ ಕಚ್ಚಿಕೊಂಡಿರಬೇಕು, ಕ್ಯಾಬಿನ್ನಿಗೆ ಎಲ್ಲಿಯೂ ತಾಗಬಾರದು. ಸಿಲ್‌ನ ಕೆಳಗಿನ ಜೋಡಣೆಯ ಅಂಚಿಗೂ ಸ್ಲೈಡರಿನ ಪೈಪಿಗೂ ನಡುವೆ ಎರಡು ಬೆರಳು ತೂರುವಷ್ಟು, ಅಂದರೆ ಸುಮಾರು 25 ಮಿಲಿಮೀಟರ್ ಸಂದು ಬಿಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಏರುಪೇರಿನಲ್ಲಿ ಪೈಪ್ ಹೋಗಿ ಸಿಲ್ಲಿಗೇ ಕುಟ್ಟುತ್ತದೆ. ತೀರ ಹೆಚ್ಚು ಬಿಟ್ಟರೆ ಗಾಡಿಯ ಹೊಟ್ಟೆ ಕೆಳಗಿಳಿದಂತಾಗಿ, ಮೊದಲು ತಾಗದ ಕಲ್ಲೂ ತಾಗತೊಡಗುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಗಾಡಿ ನಿಮ್ಮ ಕೈಗೆ ಕೊಡುವ ಮೊದಲು ಸ್ಲೈಡರಿನ ನಟ್ಟನಡುವೆ ಜಾಕ್ ಇಟ್ಟು ಆ ಬದಿಯ ಎರಡೂ ಚಕ್ರಗಳು ನೆಲ ಬಿಡುವ ತನಕ ಎತ್ತಲು ಹೇಳಿ. ಆಚೆ ಬದಿಯ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟಿರಲಿ, ಯಾರೂ ಕೆಳಗೆ ತೂರಬಾರದು. ಎತ್ತಿದ ಸ್ಥಿತಿಯಲ್ಲಿ ಬಾಗಿಲು ತೆಗೆದು ಮುಚ್ಚಿ ನೋಡಿ. ಮೊದಲಿನಂತೆಯೇ ಮುಚ್ಚಿಕೊಂಡು, ಸಂದಿನಲ್ಲಿ ಬೆರಳು ಇನ್ನೂ ತೂರುತ್ತಿದ್ದರೆ ಅದು ಸ್ಲೈಡರ್. ಎತ್ತಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಹಣ ಕೊಡಬೇಡಿ. ಗಾಡಿಯ ಭಾರ ಹೊರಲಾರದ ಪೈಪ್ ಕಾಲಿಟ್ಟು ಹತ್ತುವುದಕ್ಕೆ ಮಾತ್ರ ಸರಿ.

ಈಗ ಪೈಪಿನ ವಿಚಾರ. ನಮ್ಮ ಸೀಮೆಯಲ್ಲಿರುವುದು ಕರಾವಳಿಯ ಮುರಕಲ್ಲಲ್ಲ, ಗ್ರಾನೈಟ್. ಕುಂತಿಬೆಟ್ಟದ ಸುತ್ತಮುತ್ತ ಓಡಾಡಿದವರಿಗೆ ಗೊತ್ತು, ಆ ಕಲ್ಲು ಪುಡಿಯಾಗಿ ದಾರಿ ಬಿಡುವುದಿಲ್ಲ, ಬಿಟ್ಟುಕೊಡಬೇಕಾದದ್ದು ಕಬ್ಬಿಣವೇ. ಪೈಪ್ ಅಂಗಡಿಯಲ್ಲಿ ಎ, ಬಿ, ಸಿ ಕ್ಲಾಸ್ ಎಂದು ಮೂರು ಬಗೆ ಕೊಡುತ್ತಾರೆ. ಒಂದೂವರೆ ಇಂಚು ಎಂದು ಕೇಳಿದರೆ ಸಿಗುವ ಪೈಪಿನ ಹೊರ ಅಳತೆ 48.3 ಮಿಲಿಮೀಟರ್. ಅದರಲ್ಲಿ ಎ ಕ್ಲಾಸಿನ ದಪ್ಪ 2.9, ಬಿ ಕ್ಲಾಸಿನದು 3.2, ಸಿ ಕ್ಲಾಸಿನದು 4 ಮಿಲಿಮೀಟರ್. ಸ್ಲೈಡರಿಗೆ ಸಿ ಕ್ಲಾಸ್ ತೆಗೆದುಕೊಳ್ಳಿ. ಮೀಟರಿಗೆ ಸುಮಾರು 4.4 ಕೆಜಿ ತೂಗುತ್ತದೆ, ಅಂಗಡಿಯಲ್ಲೇ ತೂಕ ಹಾಕಿಸಿದರೆ ಯಾವ ಕ್ಲಾಸ್ ಕೊಟ್ಟಿದ್ದಾರೆ ಎಂದು ತಿಳಿದುಹೋಗುತ್ತದೆ. ಜಿಐ ಪೈಪ್ ಬೇಡ. ಅದರ ಮೇಲಿನ ಸತು ಬೆಸುಗೆಯ ಬಿಸಿಗೆ ಹೊಗೆಯಾಗಿ ಏಳುತ್ತದೆ, ಅದನ್ನು ಕುಡಿದ ಕೆಲಸಗಾರನಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಬೆಸುಗೆಯೂ ಗುಳ್ಳೆ ಗುಳ್ಳೆಯಾಗುತ್ತದೆ. ಕಪ್ಪು ಪೈಪನ್ನೇ ಕೇಳಿ.

ಹೆಚ್ಚಿನವರು ಉದ್ದದ ಪೈಪಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ, ಚಾಸಿಯಿಂದ ಹೊರಕ್ಕೆ ಚಾಚಿ ಅದನ್ನು ಹೊರುವ ತೋಳುಗಳ ಬಗ್ಗೆ ಕೇಳುವುದೇ ಇಲ್ಲ. ಮುರಿಯುವುದು, ಬಾಗುವುದು ಎಲ್ಲವೂ ಅಲ್ಲಿ. ಲೆಕ್ಕ ಹಾಕಿ ನೋಡೋಣ. ನಿಮ್ಮಂಥ ಪಿಕಪ್ ಖಾಲಿ ಇದ್ದಾಗಲೇ ಹತ್ತಿರ ಹತ್ತಿರ 2 ಟನ್. ಒಂದು ಬದಿಯ ಭಾರ 1 ಟನ್ ಎಂದುಕೊಳ್ಳಿ. ಚಾಸಿಯಿಂದ ಸಿಲ್ಲಿನ ಹೊರ ಅಂಚಿಗೆ ಸುಮಾರು 30 ಸೆಂಟಿಮೀಟರ್. ಆ ಒಂದು ಟನ್ ಒಂದೇ ತೋಳಿನ ತುದಿಯ ಮೇಲೆ ಕುಳಿತರೆ ಬುಡದಲ್ಲಿ 300 ಕೆಜಿ-ಮೀಟರಿನಷ್ಟು ಬಾಗಿಸುವ ಬಲ ಬೀಳುತ್ತದೆ. ಮೇಲೆ ಹೇಳಿದ ಸಿ ಕ್ಲಾಸ್ ಪೈಪನ್ನೇ ತೋಳಾಗಿ ಬಳಸಿದರೆ ಒಂದಕ್ಕೆ ಖಂಡಿತ ತಡೆಯದು, ಎರಡು ಹಂಚಿಕೊಂಡರೂ ಬಾಗುವ ಅಂಚಿಗೆ ಬಂದು ನಿಲ್ಲುತ್ತವೆ. ಬಂಡೆ ನಾಲ್ಕೂ ತೋಳಿಗೆ ಸಮನಾಗಿ ಭಾರ ಹಂಚಿಕೊಡುವುದಿಲ್ಲವಲ್ಲ! ಅದೇ 50 ಮಿಲಿಮೀಟರಿನ, 4 ಮಿಲಿಮೀಟರ್ ದಪ್ಪದ ಚೌಕ ಪೈಪ್ ತೂಕದಲ್ಲಿ ಕಾಲು ಭಾಗದಷ್ಟು ಮಾತ್ರ ಹೆಚ್ಚು, ಬಾಗದೆ ನಿಲ್ಲುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಹೆಚ್ಚು. ಆದ್ದರಿಂದ ನಾನು ಕಲ್ಲಿನ ಮೇಲೆ ಜಾರುವ ಉದ್ದದ ಪೈಪುಗಳನ್ನು ದುಂಡಗಿನದು ಹಾಕಿ, ತೋಳುಗಳನ್ನು ಚೌಕ ಪೈಪಿನಲ್ಲಿ ಮಾಡುತ್ತೇನೆ. ಬದಿಗೆ ನಾಲ್ಕು ತೋಳು. ಪೆಟ್ರೋಲ್ ಬಂಕಿನ ಬಳಿ ನಿಂತಾಗ ಯಾರದಾದರೂ ಗಾಡಿಯಲ್ಲಿ ಎರಡೇ ತೋಳಿನ ಸ್ಲೈಡರ್ ಕಂಡರೆ ಅದು ಅಲಂಕಾರಕ್ಕೆ ಹಾಕಿಸಿದ್ದು ಎಂದು ತಿಳಿಯಿರಿ.

ತೋಳಿನ ಬುಡದಲ್ಲಿ 6 ಮಿಲಿಮೀಟರ್ ದಪ್ಪದ ಪ್ಲೇಟ್ ಬರಬೇಕು, ಚಾಸಿಯ ಪಕ್ಕೆಯ ಪೂರ್ತಿ ಎತ್ತರಕ್ಕೆ. ಪ್ಲೇಟನ್ನು ಪಕ್ಕೆಗೆ ಮಾತ್ರ ಅಂಟಿಸದೆ ಚಾಸಿಯ ತಳಕ್ಕೂ ಮಡಚಿ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಕಲ್ಲು ತೋಳಿನ ತುದಿಯನ್ನು ಮೇಲಕ್ಕೆ ಒತ್ತಿದಾಗ ಪ್ಲೇಟಿನ ಮೇಲಂಚು ಚಾಸಿಗೆ ಒತ್ತಿಕೊಳ್ಳುತ್ತದೆ, ಕೆಳಗಂಚು ಕಿತ್ತು ಬರಲು ನೋಡುತ್ತದೆ. ಆದ್ದರಿಂದ ಕೆಳಗಿನ ಬೋಲ್ಟುಗಳೇ ನಿಜವಾದ ಭಾರ ಹೊರುವಂಥವು. ಮೇಲೆ ಎರಡು ಹಾಕಿ ಕೆಳಗೆ ಒಂದೇ ಹಾಕಿ ಮುಗಿಸಿದ ಕೆಲಸವನ್ನು ನಾನು ಎಷ್ಟೋ ಸಲ ಬಿಚ್ಚಿ ಮತ್ತೆ ಮಾಡಿದ್ದೇನೆ.

ಬೋಲ್ಟೋ ವೆಲ್ಡಿಂಗೋ ಎಂದು ಕೇಳಿದ್ದೀರಿ. ಬೋಲ್ಟ್ ಎಂದೇ ನನ್ನ ಉತ್ತರ, ಅದರಲ್ಲಿ ನನಗೆ ಅನುಮಾನವಿಲ್ಲ. ಚಾಸಿಗೆ ನೇರ ಬೆಸುಗೆ ಹಾಕಿದರೆ ಸುತ್ತಲ ಉಕ್ಕು ಕಾದು ತನ್ನ ಗುಣ ಕಳೆದುಕೊಳ್ಳುತ್ತದೆ. ಈಗಿನ ಪಿಕಪ್‌ಗಳ ಚಾಸಿ ಹೆಚ್ಚು ಬಲದ ಉಕ್ಕು, ಅದಕ್ಕೆ ಈ ಕಾವು ಇನ್ನೂ ಕೆಟ್ಟದ್ದು. ಬಿರುಕು ಬಿಡುವುದು ಬೆಸುಗೆಯಲ್ಲಲ್ಲ, ಅದರ ಪಕ್ಕದ ಅರ್ಧ ಇಂಚಿನಲ್ಲಿ. ಜೊತೆಗೆ ಕಂಪನಿಯ ವಾರಂಟಿಯೂ ಕೈತಪ್ಪುವ ಅಪಾಯವಿದೆ. ಬೋಲ್ಟ್ ಹಾಕಿದ್ದನ್ನು ನಾಳೆ ಬಿಚ್ಚಬಹುದು, ಬಾಗಿದ ತೋಳನ್ನು ಮಾತ್ರ ಬದಲಿಸಬಹುದು, ಗಾಡಿ ಮಾರುವಾಗ ತೆಗೆದಿಡಬಹುದು.

ಬೋಲ್ಟ್ ಹಾಕುವುದಕ್ಕೂ ಕ್ರಮವಿದೆ. ಚಾಸಿಯಲ್ಲಿ ಕಂಪನಿಯೇ ಬಿಟ್ಟಿರುವ ತೂತುಗಳು ಬೇಕಾದಷ್ಟಿರುತ್ತವೆ. ಮೊದಲು ಅವನ್ನು ಹುಡುಕಬೇಕು. ಪೆಟ್ಟಿಗೆಯಂಥ ಚಾಸಿಯ ಒಳಗೆ ಕೈ ಹೋಗುವುದಿಲ್ಲ, ನಟ್ ಹಿಡಿಯುವುದು ಹೇಗೆ? ನಾವು ಮಾಡುವುದು ಹೀಗೆ. ಒಂದು ಅಂಗೈ ಉದ್ದದ ಕಬ್ಬಿಣದ ಪಟ್ಟಿಗೆ ಎರಡು ನಟ್ಟುಗಳನ್ನು ಸರಿಯಾದ ಅಂತರದಲ್ಲಿ ಬೆಸೆಯುತ್ತೇವೆ. ಪಟ್ಟಿಯ ತುದಿಗೆ ಬೈಂಡಿಂಗ್ ತಂತಿ ಕಟ್ಟುತ್ತೇವೆ. ಚಾಸಿಯ ದೊಡ್ಡ ತೂತಿನಿಂದ ತಂತಿಯನ್ನು ತೂರಿಸಿ, ಬೋಲ್ಟ್ ಬರಬೇಕಾದ ತೂತಿನಿಂದ ಕೊಕ್ಕೆ ಹಾಕಿ ಈಚೆ ಎಳೆಯುತ್ತೇವೆ. ಒಳಗೆ ಪಟ್ಟಿ ಕರಕರ ಎಂದು ತೆವಳಿಕೊಂಡು ಬರುವುದು ಕಿವಿಗೆ ಕೇಳುತ್ತದೆ. ನಟ್ ತೂತಿಗೆ ಸರಿಯಾಗಿ ಕುಳಿತಾಗ ತಂತಿ ಸಡಿಲಾಗುತ್ತದೆ, ಆಗ ಬೋಲ್ಟಿನ ಮೊದಲ ಎರಡು ಸುತ್ತನ್ನು ಬೆರಳಿನಿಂದಲೇ ತಿರುಗಿಸಬೇಕು, ಪಾನಾ ಹಚ್ಚಬಾರದು. ಒಂದು ತೋಳಿಗೆ ಅರ್ಧ ಗಂಟೆ ಇದಕ್ಕೇ ಹೋಗಬಹುದು. ಈ ಅರ್ಧ ಗಂಟೆ ಉಳಿಸಲು ಕೆಲವರು ಚಾಸಿಯ ಆರ್‌ಪಾರ್ ತೂತು ಕೊರೆದು ಉದ್ದದ ಬೋಲ್ಟ್ ಹಾಕಿಬಿಡುತ್ತಾರೆ. ಹಾಗೆ ಬಿಗಿದಾಗ ಪೆಟ್ಟಿಗೆ ಒಳಕ್ಕೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ಬೋಲ್ಟ್ ಸಡಿಲವಾಗುತ್ತದೆ. ಆರ್‌ಪಾರ್ ಹಾಕಲೇಬೇಕೆಂದಿದ್ದರೆ ಒಳಗೆ ಬೋಲ್ಟಿನ ಸುತ್ತ ಒಂದು ತುಂಡು ಪೈಪನ್ನು ಕೊಳವೆಯಂತೆ ಕೂಡಿಸಬೇಕು.

ಹೊಸ ತೂತು ಕೊರೆಯುವುದು ಅನಿವಾರ್ಯವಾದರೆ ಚಾಸಿಯ ಪಕ್ಕೆಯ ನಡುಭಾಗದಲ್ಲಿ ಕೊರೆಯಿರಿ. ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮುಟ್ಟಬೇಡಿ, ಗಾಡಿ ಹೊರುವ ಸರಕಿನ ಎಳೆತವೆಲ್ಲ ಅಲ್ಲೇ ಇರುತ್ತದೆ. ಕೊರೆಯುವ ಮುನ್ನ ಒಳಮೈಯಲ್ಲಿ ಏನಿದೆ ಎಂದು ಟಾರ್ಚ್ ಹಿಡಿದು ನೋಡಲೇಬೇಕು. ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಗಂಟು ಚಾಸಿಯ ಉದ್ದಕ್ಕೂ ಅಂಟಿಕೊಂಡು ಹೋಗಿರುತ್ತವೆ. ಡೀಸೆಲ್ ಟ್ಯಾಂಕ್ ಇರುವ ಬದಿಯಲ್ಲಿ ಡ್ರಿಲ್ ಬಿಟ್ಟಿಗೆ ಒಂದು ತುಂಡು ಪೈಪನ್ನು ತೊಡಿಸಿ, ಅದು ಅಗತ್ಯಕ್ಕಿಂತ ಹೆಚ್ಚು ಒಳಗೆ ಹೋಗದಂತೆ ತಡೆ ಮಾಡಿಕೊಳ್ಳುತ್ತೇವೆ. ಕೊರೆದ ತೂತಿನ ಅಂಚಿಗೆ ಕೂಡಲೇ ಸತುವಿನ ಪ್ರೈಮರ್ ಹಚ್ಚಬೇಕು, ನಾಳೆ ಎಂದರೆ ಆಗಲೇ ತುಕ್ಕು ಕೂತಿರುತ್ತದೆ.

ಬೋಲ್ಟುಗಳು 12 ಮಿಲಿಮೀಟರಿನವು, ತಲೆಯ ಮೇಲೆ 8.8 ಎಂದು ಅಚ್ಚು ಇರಬೇಕು. ಅಚ್ಚಿಲ್ಲದ ಬೋಲ್ಟ್ ಎಷ್ಟೇ ಹೊಳೆದರೂ ಬೇಡ. ಅವನ್ನು ಟಾರ್ಕ್ ಪಾನಾದಲ್ಲಿ ಸುಮಾರು 80 ನ್ಯೂಟನ್-ಮೀಟರಿಗೆ ಬಿಗಿಯುತ್ತೇವೆ. ಯೂ ಬೋಲ್ಟ್ ಹಾಕಿ ಚಾಸಿಯನ್ನು ಬಳಸಿ ಕಟ್ಟುವ ರೂಢಿಯೂ ಇದೆ. ತೂತೇ ಬೇಡ ಎನ್ನುವವರಿಗೆ ಆಕರ್ಷಕವಾಗಿ ಕಾಣುತ್ತದೆ, ಆದರೆ ಕಲ್ಲು ಮುಂದಿನಿಂದ ಹಿಂದಕ್ಕೆ ಉಜ್ಜಿದಾಗ ಅದು ಚಾಸಿಯ ಬಣ್ಣದ ಮೇಲೆ ಜಾರುವುದನ್ನು ಕಂಡಿದ್ದೇನೆ. ನಿಮ್ಮ ದಾರಿಗೆ ನಾನು ಸಲಹೆ ಮಾಡುವುದಿಲ್ಲ.

ಸ್ಲೈಡರನ್ನು ತಯಾರಿಸುವಾಗ ತೋಳಿಗೂ ಪೈಪಿಗೂ ಬೆಸುಗೆ ಬೇಕಲ್ಲ, ಅದನ್ನು ಗಾಡಿಯಿಂದ ಹೊರಗೆ, ನೆಲದ ಮೇಲೆ ಮಾಡಬೇಕು. ಗಾಡಿಯ ಮೇಲೆ ಅಲ್ಲಲ್ಲಿ ಟಾಕಾ (ಚುಕ್ಕಿಯಷ್ಟು ಬೆಸುಗೆ) ಹಾಕಿ ಅಳತೆ ಹಿಡಿದು, ಬಿಚ್ಚಿ ಕೆಳಗಿಟ್ಟು ಪೂರ್ತಿ ಬೆಸುಗೆ. ಆ ಟಾಕಾ ಹಾಕುವಷ್ಟರ ಮಟ್ಟಿಗೂ ಬ್ಯಾಟರಿಯ ಎರಡೂ ತಂತಿಗಳನ್ನು ಕಳಚಿರಬೇಕು, ಅರ್ತಿಂಗ್ ಹಿಡಿಕೆಯನ್ನು ಬೆಸುಗೆಯ ಹತ್ತಿರವೇ ಕಚ್ಚಿಸಬೇಕು, ಇಲ್ಲದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟು ಸ್ಲೈಡರಿಗಿಂತ ದುಬಾರಿ ಖರ್ಚು ಬರುತ್ತದೆ. ಗ್ರಿಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ 6013 ಎಂಬ ವೆಲ್ಡಿಂಗ್ ಕಡ್ಡಿ ಇರುತ್ತದೆ. ಗೇಟಿಗೆ ಅದು ಸಾಕು. ಇಲ್ಲಿ 7018 ಕಡ್ಡಿ, ಅದೂ ಒಣಗಿಸಿ ಬಿಸಿಯಾಗಿಟ್ಟದ್ದು ಬೇಕು, ಅಥವಾ ಕಡ್ಡಿಯ ಬದಲು ತಂತಿಯಿಂದ ಬೆಸೆಯುವ ಮಿಗ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ. ಎರಡೂ ತುದಿ ಮುಚ್ಚಿದ ಪೈಪಿನ ತಳದಲ್ಲಿ ಸಣ್ಣ ತೂತು ಬಿಡಿ, ಇಲ್ಲದಿದ್ದರೆ ಬೆಸೆಯುವಾಗ ಒಳಗಿನ ಗಾಳಿ ಕಾದು ಕೊನೆಯ ಬೆಸುಗೆಯನ್ನು ಊದಿ ಬಿಸಾಡುತ್ತದೆ, ಆಮೇಲೆ ನೀರು ನಿಂತು ಒಳಗಿನಿಂದಲೇ ತಿನ್ನುತ್ತದೆ.

ಆಕಾರದ ಬಗ್ಗೆ ಎರಡು ಮಾತು. ಹೊರಗಿನ ಪೈಪ್ ನೆಲಕ್ಕೆ ಸಮನಾಗಿ ಚಾಚದೆ 10ರಿಂದ 15 ಡಿಗ್ರಿಯಷ್ಟು ಮೇಲಕ್ಕೆ ಓರೆಯಾಗಿರಲಿ. ಹಿಂಚಕ್ರದ ಹತ್ತಿರ ಅದನ್ನು ತುಸು ಹೊರಕ್ಕೆ ಬಾಗಿಸಿದರೆ, ಮರ ಅಥವಾ ಬಂಡೆಯ ಪಕ್ಕದಲ್ಲಿ ತಿರುಗುವಾಗ ಆ ಬಾಗು ಮರಕ್ಕೆ ತಾಗಿ ಗಾಡಿಯ ಹಿಂಭಾಗವನ್ನು ಆಚೆಗೆ ತಳ್ಳುತ್ತದೆ, ಟ್ರೇಯ ತಗಡು ಉಳಿಯುತ್ತದೆ. ತೆಂಗಿನ ತೋಟದ ಸಾಲುಗಳ ನಡುವೆ ಓಡಾಡುವ ನಿಮಗೆ ಇದು ಬಂಡೆಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು. ಆದರೆ ಯಾವ ಭಾಗವೂ ಚಕ್ರದ ಮೇಲಿನ ಮಡ್‌ಗಾರ್ಡಿನ ಹೊರಗೆರೆಯನ್ನು ದಾಟಬಾರದು.

ಇದಕ್ಕೂ ಆರ್‌ಟಿಒ ಪ್ರಶ್ನೆಗೂ ಸಂಬಂಧವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂಭಾಗದ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದದ್ದು ಇದೇ ಸೆಕ್ಷನ್ನಿನ ಆಧಾರದಲ್ಲಿ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹೀಗಿರುವಾಗ ಯಾರೂ ಕೇಳುವುದಿಲ್ಲ ಬಿಡಿ ಎಂದು ನಾನು ನಿಮಗೆ ಹೇಳಲಾರೆ. ಕೆಲಸಕ್ಕೆ ಮೊದಲು ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ನಕ್ಷೆ, ಅಳತೆ, ತೂಕ ಬರೆದ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿ ಪಡೆಯಿರಿ, ವಿಮೆಯವರಿಗೂ ತಿಳಿಸಿ. ಗಾಡಿ ಹಳದಿ ಬೋರ್ಡಿನದಾಗಿದ್ದರೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿಗೆ ಹೋದಾಗ ಈ ಮಾತು ಖಂಡಿತ ಬರುತ್ತದೆ. ಬಿಚ್ಚಿ ತೆಗೆಯಬಹುದಾದ ಬೋಲ್ಟಿನ ಕೆಲಸವನ್ನೇ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಜಮೀನಿನ ಸೀಮೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಮೇಲುಕೋಟೆಯ ಸುತ್ತಲ ಕುರುಚಲು ಕಾಡು 1974ರಿಂದ ವನ್ಯಜೀವಿ ಧಾಮ, ತೋಳಗಳಿಗೆಂದು ಉಳಿಸಿದ ಜಾಗ. ಸ್ಲೈಡರ್ ಹಾಕಿಸಿದ ಹುಮ್ಮಸ್ಸಿನಲ್ಲಿ ಗೆಳೆಯರು ಆ ಕಡೆ ಗಾಡಿ ಹತ್ತಿಸೋಣ ಎಂದರೆ ದಯವಿಟ್ಟು ಒಪ್ಪಬೇಡಿ. ಇದು ನಿಮ್ಮ ತೋಟದ ದಾರಿಗೆಂದು ಮಾಡಿಸುವ ಕೆಲಸ.

ಬಣ್ಣಕ್ಕೆ ಪೌಡರ್ ಕೋಟಿಂಗ್ ಮಾಡಿಸಬೇಡಿ. ಮೊದಲ ಬಂಡೆಗೇ ಅದು ಚಕ್ಕೆಯಾಗಿ ಏಳುತ್ತದೆ, ಉಳಿದ ಹೊದಿಕೆಯ ಕೆಳಗೆ ನೀರು ತೂರಿ ಕಾಣದಂತೆ ತುಕ್ಕು ಹರಡುತ್ತದೆ. ಪ್ರೈಮರ್ ಮೇಲೆ ಸಾಧಾರಣ ಕಪ್ಪು ಎನಾಮೆಲ್ ಸಾಕು, ಗೀರು ಬಿದ್ದಾಗ ನೀವೇ ಬ್ರಷ್ಷಿನಲ್ಲಿ ಹಚ್ಚಿಕೊಳ್ಳಬಹುದು. ಕೆಸರುಗದ್ದೆಯಿಂದ ಬಂದ ದಿನ ಸಿಲ್ಲಿಗೂ ಸ್ಲೈಡರಿಗೂ ನಡುವಿನ ಸಂದಿಗೆ ಪೈಪ್ ಹಿಡಿದು ನೀರು ಬಿಡಿ. ಅಲ್ಲಿ ಒಣಗಿದ ಮಣ್ಣು ಕಲ್ಲಿನಂತಾಗಿ, ನಾವು ಬಿಟ್ಟ ಸಂದನ್ನೇ ಮುಚ್ಚಿಬಿಡುತ್ತದೆ.

ಖರ್ಚಿನ ವಿಷಯಕ್ಕೆ ತೂಕವೇ ಅಳತೆಗೋಲು. ಮೇಲೆ ಹೇಳಿದಂತೆ ಮಾಡಿದರೆ ಬದಿಗೆ 25ರಿಂದ 27 ಕೆಜಿ ಕಬ್ಬಿಣ ಹಿಡಿಯುತ್ತದೆ. ಆ ದಿನದ ಪೈಪಿನ ದರಕ್ಕೆ ಅದನ್ನು ಗುಣಿಸಿ, ಇಬ್ಬರು ಕೆಲಸಗಾರರ ಎರಡು ದಿನದ ಕೂಲಿ ಕೂಡಿಸಿ. ಯಾರಾದರೂ ಇದರ ಅರ್ಧಕ್ಕೆ ಮಾಡಿಕೊಡುತ್ತೇನೆಂದರೆ ಪೈಪಿನಲ್ಲೋ ಬೋಲ್ಟಿನಲ್ಲೋ ಕಡಿತವಾಗಿರುತ್ತದೆ.

ಇನ್ನು ಎಡಬದಿಗೆ ಮಾತ್ರ ಹಾಕಿಸುವ ಪ್ರಶ್ನೆ. ಇದನ್ನು ಕೇಳಲು ನೀವು ಸಂಕೋಚಪಟ್ಟಿರಬಹುದು, ಆದರೆ ಪ್ರಶ್ನೆ ಸರಿಯಾಗಿದೆ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ತನ್ನ ಬದಿಯ ಕಲ್ಲು ಕಿಟಕಿಯಿಂದ ಕಾಣುತ್ತದೆ, ಎಡಬದಿಯದು ಬಡಿದ ಮೇಲೆ ತಿಳಿಯುತ್ತದೆ. ನಮ್ಮ ಶೆಡ್ಡಿಗೆ ಬರುವ ಗಾಡಿಗಳಲ್ಲೂ ಎಡ ಸಿಲ್ಲಿಗೇ ಪೆಟ್ಟು ಹೆಚ್ಚು. 25 ಕೆಜಿ ಒಂದೇ ಬದಿಗೆ ಬಂದರೆ ಗಾಡಿ ವಾಲುವುದಿಲ್ಲ, ನಿಮ್ಮ ಪಕ್ಕದಲ್ಲಿ ಒಂದು ಮಗು ಕುಳಿತಷ್ಟು ಭಾರ ಅದು. ಕೈಯಲ್ಲಿ ಈಗ ಹಣ ಸಾಲದಿದ್ದರೆ ಎರಡೂ ಬದಿಗೆ ತೆಳು ಪೈಪ್ ಹಾಕಿಸುವುದಕ್ಕಿಂತ ಎಡಕ್ಕೆ ಗಟ್ಟಿಯಾದದ್ದನ್ನು ಹಾಕಿಸಿ, ಕಬ್ಬಿನ ಬಿಲ್ ಬಂದ ಮೇಲೆ ಬಲಕ್ಕೆ ಹಾಕಿಸಿ. ತಗ್ಗಾಗಿರುವ ಸಿಲ್ಲನ್ನು ಮೊದಲು ತಗಡಿನ ಕೆಲಸದವರಿಂದ ನೇರ ಮಾಡಿಸಿಕೊಂಡೇ ಬನ್ನಿ, ಸ್ಲೈಡರ್ ಕೂತ ಮೇಲೆ ಅಲ್ಲಿಗೆ ಅವರ ಸುತ್ತಿಗೆ ಹೋಗುವುದಿಲ್ಲ. ಹಾಕಿಸಿದ ದಿನ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಸಿಕೊಳ್ಳಿ. 500 ಕಿಲೋಮೀಟರ್ ಓಡಿಸಿದ ಮೇಲೆ ಒಂದು ಬೆಳಗ್ಗೆ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಟಾರ್ಚ್ ಬಿಡಿ. ಗೆರೆ ಎಲ್ಲಿ ಮುರಿದಿದೆಯೋ ಆ ಬೋಲ್ಟ್ ತಿರುಗಿದೆ, ಅದನ್ನು ಮತ್ತೆ 80ಕ್ಕೆ ಬಿಗಿಸಿ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಕಂದು ತುಕ್ಕಿನ ಗೆರೆ ಕಂಡರೆ ಅದು ಬಿರುಕು, ಬಣ್ಣ ಹಚ್ಚಿ ಮುಚ್ಚದೆ ಆ ತೋಳನ್ನು ಬಿಚ್ಚಿ ತನ್ನಿ.